ದೊಡ್ಡಸ್ವಾಮಿಗೆ ಹಿಡಿಸದ ತಮಟೆ



ಅಬ್ಬೆ ದುಬಾಯ್ ಜೊತೆ ನನಗೊಂದು ಹಳೆಯ ಜಗಳವಿದೆ. ಇವತ್ತಿನ ಮಾತೆಲ್ಲ ಆ ಜಗಳದ ಸುತ್ತಲೇ ಇರುತ್ತದೆ.

ಚುಂಚನಕಟ್ಟೆಯಲ್ಲಿ ಧುಮುಕಿ, ಎಡತೊರೆಯ ಅರ್ಕೇಶ್ವರನ ಮುಂದೆ ಹಾದು, ಕನ್ನಂಬಾಡಿ ಕಟ್ಟೆಯಲ್ಲಿ ತಂಗಿ ಮುಂದಕ್ಕೆ ಹೋಗುವ ನಮ್ಮ ಕಾವೇರಿ ಶ್ರೀರಂಗಪಟ್ಟಣದಲ್ಲಿ ಎರಡು ಕವಲಾಗಿ ಒಂದು ದ್ವೀಪವನ್ನು ತಬ್ಬಿಕೊಳ್ಳುತ್ತಾಳೆ. ಅದರ ಮೂಡಣ ತುದಿಯಲ್ಲಿ ಗಂಜಾಂ. ನಿಮಿಷಾಂಬ, ಗುಂಬಜ್ ಎಂದರೆ ನಿಮಗೆಲ್ಲ ಗೊತ್ತು. ದುಬಾಯ್ ಹೆಸರಿನ ಚರ್ಚೂ ಅಲ್ಲೇ ಇದೆ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಬಂದ ಈ ಫ್ರೆಂಚ್ ಪಾದ್ರಿ ಪೇಟ ಸುತ್ತಿದ, ನಮ್ಮವರಂತೆ ಉಟ್ಟ, ಉಂಡ, ಸಿಡುಬಿಗೆ ಚುಚ್ಚುಮದ್ದು ಹಾಕಿಸಿದ. ಜನ ದೊಡ್ಡಸ್ವಾಮಿ ಎಂದು ಕರೆದರು. 1823ರಲ್ಲಿ ಊರಿಗೆ ಮರಳಿದವನು 1848ರಲ್ಲಿ ತೀರಿಕೊಂಡ. ಇತಿಹಾಸ ಇಷ್ಟು ಸಾಕು.

ಅವನು ದೇಶ ಬಿಟ್ಟ ಆ ವರ್ಷವೇ ಲಂಡನ್ನಿನಲ್ಲಿ ಅವನ ಪತ್ರಗಳ ಪುಸ್ತಕವೊಂದು ಅಚ್ಚಾಯಿತು. ಅದರಲ್ಲಿ ನಮ್ಮ ಕ್ರೈಸ್ತರ ಮೆರವಣಿಗೆಯ ಮಾತು ಬರುತ್ತದೆ. ರಾತ್ರಿ ಹೊತ್ತು ಪಂಜು, ಬಾಣಬಿರುಸು, ನೂರಾರು ತಮಟೆ, ಕಹಳೆ. ಹೂವಿನಲ್ಲಿ ಮುಚ್ಚಿಹೋದ ತೇರಿನ ಮೇಲೆ ಸಂತರ ಪ್ರತಿಮೆ. ಸುತ್ತ ಕುಣಿಯುವವರು, ಕೋಲಾಟದವರು, ಕತ್ತಿ ವರಸೆಯವರು. ಇಷ್ಟನ್ನೂ ಕಣ್ಣಿಗೆ ಕಟ್ಟುವಂತೆ ಬರೆದು, ಇದು ತನಗೆ ಯಾವಾಗಲೂ ನಾಚಿಕೆಯ ವಿಷಯವಾಗಿತ್ತು ಅನ್ನುತ್ತಾನೆ. ನನ್ನ ತಕರಾರು ಇಲ್ಲೇ. ಅವನು ನಾಚಿಕೊಂಡದ್ದು ಯಾವುದಕ್ಕೋ ಅದೇ ಆ ದ್ವೀಪದ ಜನರ ಸ್ವಂತ ಹಬ್ಬ ಎಂಬುದು ನನ್ನ ವಾದ. ಅವನಿಗಿಂತ ಒಂದೂವರೆ ಶತಮಾನ ಮೊದಲೇ ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಎಂಬ ಜೆಸ್ವಿಟ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶ ಬರೆದಿದ್ದ. ಟಿಪ್ಪುವಿನ ಕಾಲದಲ್ಲಿ ಮಂಗಳೂರು ಕಡೆಯಿಂದ ಸೆರೆಯಾಗಿ ಬಂದವರೂ ಈ ದ್ವೀಪ ಕಂಡವರೇ. ಅಷ್ಟೆಲ್ಲ ದಾಟಿ ಉಳಿದ ಜನಕ್ಕೆ ಹಬ್ಬ ಮಾಡುವುದು ಹೇಗೆಂದು ದೊಡ್ಡಸ್ವಾಮಿ ಬಂದು ಕಲಿಸಬೇಕಿತ್ತೇ?

ದುಬಾಯ್‌ನನ್ನು ಓದಿಸಿದವರು ನಮ್ಮ ಹೈಸ್ಕೂಲಿನ ಚರಿತ್ರೆ ಮೇಷ್ಟ್ರು. ಹಿಂದೂಗಳ ಆಚಾರಗಳ ಬಗ್ಗೆ ಅವನು ಬರೆದ ಇನ್ನೊಂದು ಪುಸ್ತಕದ, 1897ರ ಬೋಷಾಂ ಅನುವಾದದ ಮರುಮುದ್ರಣವೊಂದು ಅವರ ಹತ್ತಿರ ಇತ್ತು. ರಟ್ಟು ಕಿತ್ತುಹೋಗಿ, ಕ್ಯಾಲೆಂಡರ್ ಹಾಳೆಯ ಹೊದಿಕೆ ಹೊದ್ದಿದ್ದ ಪುಸ್ತಕ. ಕೊಡುವಾಗ, "ಓದು, ಆದರೆ ಎಲ್ಲಾ ನಂಬಬೇಡ ಕಣಯ್ಯಾ" ಅಂದಿದ್ದರು. ಅವರದೂ ಒಂದು ಸಿದ್ಧಾಂತವಿತ್ತು. ಕ್ರಿಸ್‌ಮಸ್ಸಿಗೆ ನಾಲ್ಕು ಭಾನುವಾರ ಇರುವಾಗ ಆಗಮನ ಕಾಲ ಶುರುವಾಗುತ್ತದಲ್ಲ, ಆಗ ಚರ್ಚಿನಲ್ಲಿ ಹಸಿರು ಚಕ್ರದ ಮೇಲೆ ವಾರಕ್ಕೊಂದರಂತೆ ಹಚ್ಚುವ ಮೇಣದ ಬತ್ತಿ ನಮ್ಮ ಕಾರ್ತೀಕ ದೀಪದ ಅನುಕರಣೆ ಎಂದು ಮೇಷ್ಟ್ರು ಸಾಧಿಸುತ್ತಿದ್ದರು. ಅವರ ಮೇಲೆ ನನಗೆ ಅಪಾರ ಗೌರವ. ಆದರೂ ಅದನ್ನು ನಾನು ಒಪ್ಪಲಾರೆ. ಆ ಚಕ್ರ ಹುಟ್ಟಿದ್ದು 1839ರಲ್ಲಿ, ಜರ್ಮನಿಯ ಹ್ಯಾಂಬರ್ಗಿನಲ್ಲಿ. ಯೋಹಾನ್ ವಿಚೆರ್ನ್ ಎಂಬ ಪ್ರಾಟೆಸ್ಟೆಂಟ್ ಪಾದ್ರಿ ತಾನು ಸಾಕುತ್ತಿದ್ದ ಬಡ ಮಕ್ಕಳಿಗೆ ಹಬ್ಬಕ್ಕೆ ಇನ್ನೆಷ್ಟು ದಿನ ಎಂದು ತೋರಿಸಲು ಮಾಡಿದ್ದು ಅದು. ಕಥೋಲಿಕರ ಚರ್ಚುಗಳಿಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಂದರೆ ದುಬಾಯ್ ಗಂಜಾಂನಲ್ಲಿ ಆಗಮನ ಕಾಲ ಆಚರಿಸಿದಾಗ ಆ ಚಕ್ರ ಜಗತ್ತಿನಲ್ಲೇ ಇರಲಿಲ್ಲ. 2024ರ ಡಿಸೆಂಬರ್ 1ರಂದು ಮಾತ್ರ ನನಗೆ ಮೇಷ್ಟ್ರ ನೆನಪು ಬಹಳ ಬಂತು. ಆಗಮನ ಕಾಲದ ಮೊದಲ ಭಾನುವಾರ ಅದು. ಕಾರ್ತೀಕ ಅಮಾವಾಸ್ಯೆಯೂ ಅವತ್ತೇ. ಇದ್ದಿದ್ದರೆ ಪಂಚಾಂಗ ಹಿಡಿದು ಮನೆ ಬಾಗಿಲಿಗೇ ಬರುತ್ತಿದ್ದರು.

ಹಾಗಾದರೆ ನಮ್ಮ ಸೀಮೆಯಲ್ಲಿ ಕ್ರಿಸ್‌ಮಸ್ ಯಾವಾಗ ಶುರು? ಚರ್ಚಿನ ಲೆಕ್ಕ ಸ್ಪಷ್ಟ: ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುವ ಭಾನುವಾರ. ಗುರುಗಳು ನೇರಳೆ ಬಣ್ಣದ ವಸ್ತ್ರ ತೊಡುತ್ತಾರೆ, ಪೂಜೆಯಲ್ಲಿ ಮಹಿಮೆಯ ಗೀತೆ ಹಾಡುವುದಿಲ್ಲ. ಮನೆಯ ಲೆಕ್ಕ ಬೇರೆ. ಸುಣ್ಣ ಬಳಿದಾಗಿರುತ್ತದೆ, ಅಟ್ಟದಿಂದ ಗೋದಲಿಯ ಗೊಂಬೆ ಪೆಟ್ಟಿಗೆ ಇಳಿದಿರುತ್ತದೆ. ಹಬ್ಬಕ್ಕೆ ಎರಡು ವಾರ ಇದೆ ಅನ್ನುವಾಗ ಅಮ್ಮ ರಾತ್ರಿ ರಾಗಿ ನೆನೆಹಾಕುತ್ತಿದ್ದಳು. ಬೆಳಿಗ್ಗೆ ಹಳೆಯ ತಟ್ಟೆಗಳಲ್ಲಿ ಗೊಬ್ಬರ ಕಲೆಸಿದ ಮಣ್ಣು ಹರಡಿ, ಅದರ ಮೇಲೆ ರಾಗಿ ಉದುರಿಸಿ, ಒದ್ದೆ ಗೋಣಿ ಮುಚ್ಚಿ ಮೂಲೆಗಿಡುವಳು. ಮೂರು ನಾಲ್ಕು ದಿನಕ್ಕೆ ಬಿಳಿ ಮೊಳಕೆ. ಗೋಣಿ ತೆಗೆದು ಬಿಸಿಲು ತೋರಿಸಿದರೆ ಹಸಿರು. ದಿನಾ ನೀರು ಚಿಮುಕಿಸುವುದು ಮಕ್ಕಳ ಕೆಲಸ, ಕೊಡದಿಂದ ಸುರಿದರೆ ಬೈಗುಳ. ಇಪ್ಪತ್ತನಾಲ್ಕರ ಸಂಜೆಗೆ ಬೆರಳುದ್ದದ ಪೈರು ಬಾಲಯೇಸುವಿನ ಗೋದಲಿ ಸುತ್ತ ಗದ್ದೆಯಾಗುತ್ತಿತ್ತು. ಹೊರಗೆ ಕಣದಲ್ಲಿ ಆ ವರ್ಷದ ರಾಗಿ ಒಕ್ಕಣೆ ನಡೆಯುತ್ತಿರುವಾಗಲೇ ಒಳಗೆ ತಟ್ಟೆಯಲ್ಲಿ ಹೊಸ ಬಿತ್ತನೆ. ಇದನ್ನು ಯಾವ ಪಾದ್ರಿಯೂ ಕಲಿಸಿರಲಾರ, ಒಕ್ಕಲು ಮಕ್ಕಳಿಗೇ ಹೊಳೆದಿರಬೇಕು. ಆ ತಟ್ಟೆಗೂ ದುಬಾಯ್ ನೋಡಿದ ತಮಟೆಗೂ ಒಂದೇ ವಂಶ ಎಂದು ನಾನು ನಂಬಿದ್ದೇನೆ.

ತಮಟೆ ಸೋತಿಲ್ಲ ಎಂಬುದಕ್ಕೆ ನಮ್ಮ ತಾಲ್ಲೂಕಿನ ದೋರ್ನಹಳ್ಳಿಗೆ ಬನ್ನಿ. ಜೂನ್ 13ರಂದು ಸಂತ ಅಂತೋಣಿಯವರ ತೇರು ಎಳೆಯುವಾಗ ಹರಕೆ ಹೊತ್ತು ನಿಂತವರಲ್ಲಿ ಯಾರು ಯಾವ ಮತದವರು ಎಂದು ಕೇಳುವವರಿಲ್ಲ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯವರೆಲ್ಲ ಬರುತ್ತಾರೆ. 2019ರಲ್ಲಿ ರೋಮ್ ಅಲ್ಲಿನ ಚರ್ಚಿಗೆ ಬೆಸಿಲಿಕಾ ಪದವಿ ಕೊಟ್ಟಿತು, ತೇರಿನ ಸಮೇತ.

ಆದರೂ ಒಂದು ಮಾತು ಕೊರೆಯುತ್ತದೆ. ತನ್ನ ಸುತ್ತಲಿನವರ ಊಟ, ಉಡುಗೆ, ಮದುವೆ, ಸೂತಕ ಏನನ್ನೂ ಬಿಡದೆ ಬರೆದ ಮನುಷ್ಯ ಗಂಜಾಂನ ಮನೆಗಳ ಒಳಗೆ ರಾಗಿಯ ತಟ್ಟೆ ನೋಡಿದ್ದರೆ ಬರೆಯದೆ ಬಿಡುತ್ತಿದ್ದನೇ? ನೋಡಿಲ್ಲವೆಂದರೆ ತಟ್ಟೆ ಅವನ ನಂತರದ್ದಿರಬಹುದೇ? ಹಾಗಿದ್ದರೆ ನನ್ನ ವಂಶಾವಳಿ ನಿಲ್ಲುತ್ತದೆಯೇ? ಇನ್ನೊಂದು: ಆಗಮನ ಕಾಲ ಕಾಯುವ ಕಾಲ, ಹಿಂದೆ ಉಪವಾಸದ ಕಾಲವೂ ಆಗಿತ್ತು. ಸದ್ದಿಗೆ ಆ ಮುದುಕ ನಾಚಿಕೊಂಡದ್ದರಲ್ಲಿ ನ್ಯಾಯವೇ ಇಲ್ಲವೇ? ಈಗ ನವೆಂಬರಿನಲ್ಲೇ ಧ್ವನಿವರ್ಧಕ ಕಟ್ಟುವುದನ್ನು ನೋಡಿದಾಗ ನಾನೂ ಅವನ ಪಕ್ಷ ಸೇರುತ್ತೇನೆ. ಆ ಹೊತ್ತಿನಲ್ಲಿ ನಾನು ನನ್ನ ತಮಟೆಯವರನ್ನು ಬಿಟ್ಟುಕೊಟ್ಟ ಹಾಗಾಯಿತೇ? ಈ ಸಭೆಯಲ್ಲಿ ಗಂಜಾಂ ಕಡೆಯ ಹಿರಿಯರಿದ್ದರೆ, ನಿಮ್ಮ ಅಜ್ಜಿಯಂದಿರು ತಟ್ಟೆಯಲ್ಲಿ ಏನು ಬಿತ್ತುತ್ತಿದ್ದರು ಎಂದು ನನಗೆ ಹೇಳುತ್ತೀರಾ?