ಗವಿಯ ಮಣ್ಣು ಓದಿದವರು



ಹಲವಾಗಲಿನ ಸುತ್ತಿನ ನಮ್ಮ ಸೀಮೆಯಲ್ಲಿ ಗವಿ ಎಂದರೆ ಜನಕ್ಕೆ ನೆನಪಾಗುವುದು ಎರಡು: ಒಂದು ತಪಸ್ಸು, ಇನ್ನೊಂದು ನಿಧಿ. ಗವಿಯಲ್ಲಿ ಮೂರನೆಯ ಸಂಪತ್ತೊಂದಿದೆ. ಅದು ಅಲ್ಲಿನ ಮಣ್ಣು. ಆ ಮಣ್ಣನ್ನು ಓದಿದವರ ಕಥೆಯನ್ನು ಇಂದು ಹೇಳುತ್ತೇನೆ.

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ನಮಗೆ ಅಪರಿಚಿತರೇನಲ್ಲ. 1872ರಲ್ಲಿ ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ನವಶಿಲಾಯುಗದವರು ಕಲ್ಲುಕೊಡಲಿ ಮಾಡುತ್ತಿದ್ದ ನೆಲೆಯನ್ನು ಗುರುತಿಸಿದವರು ಅವರು. ಹರಪನಹಳ್ಳಿಯೂ ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆಯ ಭೂರಚನೆ ಕುರಿತು 1895ರಲ್ಲಿ ಗ್ರಂಥ ಬರೆದವರೂ ಅವರೇ.

ಆದರೆ ಗವಿ ಅಗೆಯಲು ಅವರು ಹೋದದ್ದು ನೆರೆಯ ಕರ್ನೂಲು ಸೀಮೆಯ ಬೇತಂಚೆರ್ಲ ಬಳಿಯ ಬಿಲ್ಲಸುರ್ಗಂಗೆ. ಕಾರಣ ಸರಳ. ಬಳ್ಳಾರಿಯ ಗ್ರಾನೈಟ್ ಬೆಟ್ಟಗಳಲ್ಲಿ ಬಂಡೆಗೆ ಬಂಡೆ ಒರಗಿದಾಗ ನಡುವೆ ಉಳಿದ ಸಂದೇ ಗವಿ. ಬಿಲ್ಲಸುರ್ಗಂನದು ಸುಣ್ಣಕಲ್ಲು. ಮಳೆನೀರು ಬಿರುಕಿಗಿಳಿದು ಕಲ್ಲನ್ನೇ ಕರಗಿಸಿ ಸುರಂಗ ಕೊರೆಯುತ್ತದೆ. ಒಳಗೆ ಬಿದ್ದ ಮೂಳೆಯನ್ನು ಸುಣ್ಣದಂಶ ಕಾಪಾಡುತ್ತದೆ.

ಅಲ್ಲಿ ಮೂಳೆಗಳಿವೆಯೆಂದು ಕ್ಯಾಪ್ಟನ್ ನ್ಯೂಬೋಲ್ಡ್ 1844ರಲ್ಲೇ ಬರೆದಿದ್ದರು. ನಲವತ್ತು ವರ್ಷ ಯಾರೂ ಅತ್ತ ನೋಡಲಿಲ್ಲ. ಇಂಗ್ಲೆಂಡಿನ ಜೀವವಿಜ್ಞಾನಿ ಹಕ್ಸ್ಲಿ ಮದರಾಸಿನ ಗವರ್ನರ್ ಗ್ರಾಂಟ್ ಡಫ್ ಅವರಿಗೆ ಸೂಚಿಸಿದ ಮೇಲೆ, 1884ರಲ್ಲಿ ಫೂಟ್ ಕೆಲಸ ಆರಂಭಿಸಿದರು. ಮುಂದೆ ಅದನ್ನು ನಡೆಸಿದವರು ಅವರ ಮಗ ಹೆನ್ರಿ. ಒಂದೊಂದು ಗವಿಗೂ ಹೆಸರಿಟ್ಟು, ಯಾವ ಪದರದಲ್ಲಿ ಯಾವ ಮೂಳೆ ಸಿಕ್ಕಿತೆಂದು ಬರೆದುಕೊಂಡರು. 1886ರಲ್ಲಿ ಲಿಡೆಕ್ಕರ್ ಆ ಮೂಳೆಗಳನ್ನು ಗುರುತಿಸಿ, ಚಿತ್ರಫಲಕಗಳೊಡನೆ ಪ್ರಕಟಿಸಿದರು. ಅವುಗಳಲ್ಲಿ ಘೇಂಡಾಮೃಗದ ಮೂಳೆಯೂ ಇತ್ತು!

ಅಲ್ಲಿ ಸಿಕ್ಕ ಕೆಲವು ಮೂಳೆಗಳನ್ನು ಶಿಲಾಯುಗದ ಮನುಷ್ಯನ ಉಪಕರಣಗಳೆಂದು ಫೂಟ್ ಭಾವಿಸಿದರು. ಆ ತೀರ್ಮಾನವನ್ನು ಮುಂದಿನವರು ಪ್ರಶ್ನಿಸಿದರು. ಹೀಗೆ ಪ್ರಶ್ನಿಸಲು ಸಾಧ್ಯವಾದದ್ದೇ ದಾಖಲೆ ಇದ್ದುದರಿಂದ. ನಮ್ಮ ಕಾಲದ ವಿಜ್ಞಾನಿಗಳು ಮತ್ತೆ ಅದೇ ಗವಿಗಳಿಗೆ ಹೋದರು. ಸುಮಾರು 2 ಲಕ್ಷ ವರ್ಷಗಳಲ್ಲಿ ಹವೆ ಎಷ್ಟೇ ಏರುಪೇರಾದರೂ, ಅಲ್ಲಿ ಗುರುತಿಸಿದ 21 ಬಗೆಯ ಸಸ್ತನಿಗಳಲ್ಲಿ ಒಂದನ್ನುಳಿದು ಮಿಕ್ಕವೆಲ್ಲ ಭಾರತ ಉಪಖಂಡದಲ್ಲಿ ಬದುಕಿ ಬಂದಿವೆ ಎಂದು 2014ರಲ್ಲಿ ತಿಳಿಸಿದರು.

ಗವಿಯ ಮಣ್ಣು ಒಂದೇ ಪ್ರತಿಯಿರುವ ಪುಸ್ತಕ. ಒಂದು ಪುಟ ತಿರುವಿದರೆ ಆ ಪುಟ ಹರಿದಂತೆಯೇ. ಫೂಟ್ ಅವರೂ ಹರಿದರು, ಆದರೆ ನಕಲು ಬರೆದಿಟ್ಟು ಹರಿದರು. ನಿಧಿಯಾಸೆಗೆ ರಾತ್ರೋರಾತ್ರಿ ಗುದ್ದಲಿ ಹಾಕುವವನು ಓದದೆಯೇ ಹರಿಯುತ್ತಾನೆ. ಅವನಿಗೆ ಹೊನ್ನು ಸಿಗುವುದಿಲ್ಲ, ನಮಗೆ ಚರಿತ್ರೆ ಉಳಿಯುವುದಿಲ್ಲ.

ನಿಮ್ಮೂರ ಗುಡ್ಡದ ಗವಿಯಲ್ಲಿ ಮೂಳೆಯೋ ಮಡಕೆಚೂರೋ ಕಂಡರೆ ಅದನ್ನು ಕೀಳಬೇಡಿ. ಇದ್ದಲ್ಲೇ ಬಿಟ್ಟು, ಜಾಗ ಗುರುತಿಟ್ಟುಕೊಂಡು, ಪುರಾತತ್ವ ಇಲಾಖೆಗೊಂದು ಕಾಗದ ಬರೆಯಿರಿ. ಇಷ್ಟು ಮಾಡಿದರೆ ಆ ಪುಟವನ್ನು ನಮ್ಮ ಮೊಮ್ಮಕ್ಕಳೂ ಓದಿಯಾರು.