ಪುಟ್ಟ ರೈಲಿಗೆ ಎಂಥ ಆಸಿಲೋಸ್ಕೋಪ್?

(ಕೂಟದ ಹವ್ಯಾಸಿಗಳ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಜರ್ಮನಿಗೆ ಬಂದಮೇಲೆ ಪುಟ್ಟ ರೈಲಿನ ಹುಚ್ಚು ಹಿಡಿಸಿಕೊಂಡವರು ನಮ್ಮಲ್ಲಿ ಕೆಲವರಿದ್ದೀರಿ. ಚಳಿಗಾಲ ಉದ್ದ, ಅಂಗಡಿ ತುಂಬ ರೈಲು, ಹಿಡಿಯದೆ ಇರುತ್ತದೆಯೇ? ಮೊದಲು ಎಂಜಿನ್ನು, ಆಮೇಲೆ ಹಳಿ, ಆಮೇಲೆ ಡಿಜಿಟಲ್ ಕಂಟ್ರೋಲು. ಅಲ್ಲಿಗೆ ಬಂದವರೆಲ್ಲ ಕೇಳೋದು ಒಂದೇ: ‘ಯಾವ ಸ್ಕೋಪ್ ತಗೊಳ್ಳಲಿ ಸರ್?’

ಮೊದಲು ನೋಡಬೇಕಾದ್ದು ಏನು ಅಂತ ತಿಳಿಯೋಣ. ಡಿಸಿಸಿ ಪದ್ಧತಿ ಹುಟ್ಟಿದ್ದು ಇದೇ ದೇಶದಲ್ಲಿ, ಗೀಸನ್ ಊರಿನ ಲೆಂಜ್ ಕಂಪನಿಯಲ್ಲಿ. ಮುಂದೆ ಅಮೆರಿಕದ ಎನ್‌ಎಂಆರ್‌ಎ ಸಂಘ ಅದನ್ನು ಮಾನದಂಡ ಮಾಡಿತು. ಇದರಲ್ಲಿ ಹಳಿಯ ಮೇಲೆ ಕರೆಂಟೂ ಆದೇಶವೂ ಒಟ್ಟಿಗೇ ಹೋಗುತ್ತವೆ. ವೋಲ್ಟೇಜು ದಿಕ್ಕು ಬದಲಿಸುತ್ತಲೇ ಇರುತ್ತದೆ: ಒಂದೊಂದು ದಿಕ್ಕಿನಲ್ಲಿ 58 ಮೈಕ್ರೋಸೆಕೆಂಡ್ ನಿಂತರೆ ಅದು ‘ಒಂದು’, ಸುಮಾರು 100 ಅಥವಾ ಹೆಚ್ಚು ನಿಂತರೆ ‘ಸೊನ್ನೆ’. ಸಾಮಾನ್ಯ ಮಲ್ಟಿಮೀಟರಿನ ಎಸಿ ಅಳತೆ 50 ಹರ್ಟ್ಸ್ ಸೈನ್ ಅಲೆಗೆ ಮಾಡಿದ್ದು, ಇಲ್ಲಿ ಅದು ಹೇಳೋ ಸಂಖ್ಯೆಯನ್ನು ನಂಬುವ ಹಾಗಿಲ್ಲ.

ಲೆಕ್ಕ ಹಾಕಿದರೆ ಇದು ಸೆಕೆಂಡಿಗೆ ಎಂಟೂವರೆ ಸಾವಿರ ಸುತ್ತು ಅಷ್ಟೆ. 200 ಮೆಗಾಹರ್ಟ್ಸ್ ಸ್ಕೋಪಿಗೆ ದುಡ್ಡು ಸುರಿಯೋದು ಬೇಡ. 20 ಸಾಕು, 50 ಇದ್ದರೆ ಧಾರಾಳ. ಹಾಗಂತ ಡಿಎಸ್‌ಒ138 ಕಿಟ್ಟಿಗೂ ಹೋಗಬೇಡಿ. ಅದು 200 ಕಿಲೋಹರ್ಟ್ಸಿನದು, ಒಂದೇ ಚಾನೆಲ್ಲು, ನೆನಪು 1024 ಬಿಂದು. ಒಂದು ಡಿಸಿಸಿ ಸಂದೇಶ ಆರೇಳು ಮಿಲಿಸೆಕೆಂಡ್ ಉದ್ದ, ಅದು ವಿವರವಾಗಿ ಆ ನೆನಪಿನಲ್ಲಿ ಹಿಡಿಸೋದಿಲ್ಲ. ಇನ್ನೂ ಮುಖ್ಯ, ಉದ್ದ ತಂತಿಯ ತುದಿಯಲ್ಲಿ ಶಾರ್ಟ್ ಆಗಿ ಬಿಡುವಾಗ ಏಳುವ ಚೂಪು ವೋಲ್ಟೇಜು ಅದಕ್ಕೆ ಕಾಣೋದೇ ಇಲ್ಲ. ಡಿಕೋಡರ್ ಸುಡಬಲ್ಲದ್ದು ಅದೇ!

ಈಗ ನಾನು ಹೆಚ್ಚು ಒತ್ತಿ ಹೇಳಬೇಕಾದ್ದು. ಪ್ರೋಬಿನ ಕರಿ ಕ್ಲಿಪ್ಪು ಸ್ಕೋಪಿನ ಪ್ಲಗ್ಗಿನ ಅರ್ತಿಗೆ ಸೇರಿರುತ್ತದೆ. ಡಿಸಿಸಿಯಲ್ಲೋ, ಎರಡು ಹಳಿಯಲ್ಲಿ ಯಾವುದೂ ಗ್ರೌಂಡ್ ಅಲ್ಲ, ಎರಡೂ ಸರದಿಯಲ್ಲಿ ಮೇಲೆ ಕೆಳಗೆ ಆಗುತ್ತವೆ. ನಿಮ್ಮ ಬೂಸ್ಟರು ಯುಎಸ್‌ಬಿ ತಂತಿಯಿಂದ ಅರ್ತ್ ಇರುವ ಕಂಪ್ಯೂಟರಿಗೆ ಸೇರಿದೆ, ನಡುವೆ ಐಸೊಲೇಶನ್ ಇಲ್ಲ ಅಂತಿಟ್ಟುಕೊಳ್ಳಿ. ಕ್ಲಿಪ್ಪನ್ನು ಹಳಿಗೆ ಕಚ್ಚಿಸಿದಿರೋ, ಆ ಹಳಿ ಮೇಲೆ ಹೋದ ಕೂಡಲೇ ಕ್ಲಿಪ್ಪಿನ ಮೂಲಕವೇ ಶಾರ್ಟು. ಬೂಸ್ಟರ್ ಹೋದೀತು, ಯುಎಸ್‌ಬಿ ಪೋರ್ಟೂ ಹೋದೀತು. ಕಂಪ್ಯೂಟರಿಗೇ ಸಿಕ್ಕಿಸುವ ಸ್ಕೋಪಿಗೂ ಇದೇ ಮಾತು. ಕೆಲವರು ಪ್ಲಗ್ಗಿನ ಅರ್ತ್ ತಪ್ಪಿಸಿಬಿಡುತ್ತಾರೆ. ದಯವಿಟ್ಟು ಬೇಡ. ಸ್ಕೋಪಿನೊಳಗೆ ಏನಾದರೂ ಕೆಟ್ಟರೆ 230 ವೋಲ್ಟು ಅದರ ಲೋಹದ ಮೈಗೇ ಬರುತ್ತದೆ, ಮನೆಯಲ್ಲಿ ಮಕ್ಕಳಿರುತ್ತವೆ.

ಸರಿಯಾದ ದಾರಿ: ಎರಡು ಪ್ರೋಬು, ಎರಡೂ 10×ನಲ್ಲಿ, ಒಂದೊಂದರ ತುದಿ ಒಂದೊಂದು ಹಳಿಗೆ. ಕ್ಲಿಪ್ಪುಗಳು ಹಳಿಯ ಹತ್ತಿರಕ್ಕೂ ಹೋಗಕೂಡದು. ಆಮೇಲೆ ಸ್ಕೋಪಿಗೆ ಒಂದರಿಂದ ಇನ್ನೊಂದನ್ನು ಕಳೆದು ತೋರಿಸು ಅಂತ ಹೇಳಿ. ಅದಕ್ಕೇ ನಾನು ಎರಡು ಚಾನೆಲ್ ಅಂತ ಹಟ ಮಾಡೋದು. ಬ್ಯಾಟರಿಯ ಕೈ-ಸ್ಕೋಪಿಗೆ ಈ ತಾಪತ್ರಯ ಇಲ್ಲ, ಆದರೆ ಅಳೆಯುವಾಗ ಚಾರ್ಜರ್ ಸಿಕ್ಕಿಸಿರಬಾರದು.

ಹಳೆಯದು ಕೊಳ್ಳುವವರಿಗೆ ಇಲ್ಲಿ ಹಾಮೆಗ್ ಎಚ್‌ಎಂ203 ಸಿಗುತ್ತಿರುತ್ತದೆ: 20 ಮೆಗಾಹರ್ಟ್ಸ್, ಎರಡು ಚಾನೆಲ್, ಗಟ್ಟಿಮುಟ್ಟು. ಒಂದನ್ನು ತಿರುವಿ ಇನ್ನೊಂದಕ್ಕೆ ಕೂಡಿಸಿದರೆ ವ್ಯತ್ಯಾಸ ಸಿಕ್ಕಿತು. ಆದರೆ ಅದಕ್ಕೆ ನೆನಪಿಲ್ಲ. ಡಿಸಿಸಿ ಸಂದೇಶ ಪ್ರತಿಸಲ ಬೇರೆಯಾಗಿರೋದರಿಂದ ತೆರೆಯ ಮೇಲೆ ಗೆರೆಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಬಿಟ್ಟುಗಳನ್ನು ಓದುವ ಆಸೆ ಇದ್ದರೆ ಡಿಜಿಟಲ್ ಸ್ಕೋಪೇ ಆಗಬೇಕು.

ಮಾರುವವರ ಮನೆಗೆ ಹೋದಾಗ ಸ್ಕೋಪಿನ ಮುಂದೆ ಇರುವ ಒಂದು ಕಿಲೋಹರ್ಟ್ಸಿನ ಕೊಕ್ಕೆಗೆ ಪ್ರೋಬ್ ಮುಟ್ಟಿಸಿ ನೋಡಿ. ಚೌಕದ ಅಲೆಯ ತಲೆ ಮಟ್ಟಸವಾಗಿರಬೇಕು. ಓರೆಯಿದ್ದರೆ ಪ್ರೋಬಿನ ಪುಟ್ಟ ಸ್ಕ್ರೂ ತಿರುಗಿಸಿ. ಎರಡೂ ಚಾನೆಲ್ಲಿಗೆ ಹೀಗೇ ಮಾಡಿ, ಆಮೇಲೆ ಬೆಲೆ ಮಾತಾಡಿ.