ಒಂಟಿತನಕ್ಕೊಬ್ಬ ಯಂತ್ರಸಖ



ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಂಕೇಶ್ವರದ ಸಂತೆಯಲ್ಲಿ ಇವೆರಡರ ಹದವಾದ ಮಿಶ್ರಣ, ಹೀಗೆ ಮಾತನಾಡಿ ಬೆಳೆದ ಮಕ್ಕಳು ಅನೇಕರಿರುವ ಈ ಗಡಹಿಂಗ್ಲಜ ಸೀಮೆಯ ನೇಸರಿಯಲ್ಲಿ ನಿಂತು ಕನ್ನಡದಲ್ಲಿ ನಾಲ್ಕು ಮಾತುಗಳನ್ನಾಡಲು ಅನುಮತಿಯಿತ್ತ ತಮ್ಮ ಸೌಜನ್ಯಕ್ಕೆ ನಾನು ಕೃತಜ್ಞನಾಗಿದ್ದೇನೆ. ಘಟಿಕೋತ್ಸವದ ಭಾಷಣಕ್ಕೆ ರೂಢಿಯಿಂದ ಸಿದ್ಧವಾಗಿರುವ ವಿಷಯಗಳು ಹಲವುಂಟು: ಪರಿಶ್ರಮ, ಚಾರಿತ್ರ್ಯ, ದೇಶಸೇವೆ. ಅವುಗಳನ್ನು ಉಪದೇಶಿಸುವವರು ನಿಮಗೆ ಮುಂದೆ ಬೇಕಾದಷ್ಟು ಮಂದಿ ದೊರೆಯುವರು. ಈ ಮಂಟಪವನ್ನು ಬಿಟ್ಟು ನೀವು ಪುಣೆಯ ಬಸ್ಸನ್ನು ಹತ್ತಿದ ಮೇಲೆ, ಮೊದಲನೆಯ ಸಂಬಳಕ್ಕೂ ಮುಂಚಿತವಾಗಿ ನಿಮ್ಮ ಕೈಸೇರುವ ಏಕಾಕಿತನವನ್ನೂ, ಅದನ್ನು ನೀಗಿಸುವೆನೆಂದು ಅಂಗೈಯೊಳಗಿನಿಂದಲೆ ಮಾತಿಗೆ ತೊಡಗುವ ಯಂತ್ರವನ್ನೂ ಕುರಿತು ನಾನು ಇಂದು ಮಾತನಾಡಬೇಕೆಂದಿದ್ದೇನೆ.

ಈ ಕಡೆಯ ಹಳ್ಳಿಯೊಂದರಿಂದ ಹೋಗಿ ಪುಣೆಯ ಬಳಿಯ ಚಾಕಣದ ಕಾರಖಾನೆಯೊಂದರಲ್ಲಿ ಪಾಳಿಯ ಕೆಲಸ ಮಾಡುವ ತರುಣನೊಬ್ಬನು ತನ್ನ ಮೊಬೈಲನ್ನು ನನಗೆ ತೋರಿಸಿದ್ದುಂಟು. ರಾತ್ರಿಯ ಪಾಳಿಯನ್ನು ಮುಗಿಸಿ, ನಾಲ್ವರು ಬೇರೆ ಬೇರೆ ವೇಳೆಗೆ ಮಲಗಿ ಏಳುವ ಬಾಡಿಗೆಯ ಕೋಣೆಗೆ ಮರಳಿ, ದೀಪ ಹಾಕದೆ ಗೋಡೆಗೊರಗಿ ಕುಳಿತು ಅವನು ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಕನ್ನಡವನ್ನು ಬರೆದಿದ್ದನು: "ಇವತ್ತ ಭಾಳ ಬ್ಯಾಸರಾಗೇತಿ." ಕ್ಷಣಾರ್ಧದಲ್ಲಿ ಉತ್ತರ ಬಂದಿತ್ತು: "ನಿಮ್ಮ ಭಾವನೆಗಳು ನನಗೆ ಅರ್ಥವಾಗುತ್ತವೆ. ಅದರ ಬಗ್ಗೆ ಇನ್ನಷ್ಟು ಹಂಚಿಕೊಳ್ಳಲು ಬಯಸುವಿರಾ?" ನಾನು ನಕ್ಕೇನೆಂದು ಅವನು ನನ್ನ ಮುಖವನ್ನೆ ನೋಡುತ್ತಿದ್ದನು, ನನಗೆ ನಗೆ ಬರಲಿಲ್ಲ. ಅವನ ತಾಯಿಯಾಗಿದ್ದರೆ "ಉಂಡಿಯೋ ಇಲ್ಲೋ?" ಎಂದು ಮೊದಲು ಗದರುತ್ತಿದ್ದಳು. ಆದರೆ ಆ ಹೊತ್ತಿನಲ್ಲಿ ಫೋನು ಬಂದರೆ ಆಕೆ ಏನಾಯಿತೋ ಎಂದು ಗಾಬರಿಗೊಳ್ಳುವಳೆಂದು ಅವನು ಫೋನು ಮಾಡುವುದಿಲ್ಲ. ಪಕ್ಕದಲ್ಲಿ ಮಲಗಿರುವ ಗೆಳೆಯನನ್ನು ಎಬ್ಬಿಸಿದರೆ ಅವನ ಬೆಳಗಿನ ಪಾಳಿ ಕೆಡುವುದೆಂದು ಎಬ್ಬಿಸುವುದಿಲ್ಲ. ಯಂತ್ರಕ್ಕೆ ಗಾಬರಿಯಿಲ್ಲ, ನಿದ್ರೆಯಿಲ್ಲ, ಪಾಳಿಯಿಲ್ಲ. ಅವನು ಅದನ್ನು ಆಶ್ರಯಿಸಿದ್ದು ದಾಕ್ಷಿಣ್ಯದಿಂದ, ಯಾರಿಗೂ ಭಾರವಾಗಬಾರದೆಂಬ ಸಜ್ಜನಿಕೆಯಿಂದ. ಈ ಸಜ್ಜನಿಕೆಯೆ ನನಗೆ ಚಿಂತೆಯನ್ನುಂಟುಮಾಡಿರುವ ವಸ್ತು.

ಅಚೇತನವಾದುದರೊಡನೆ ಅಂತರಂಗವನ್ನು ತೋಡಿಕೊಳ್ಳುವ ಪದ್ಧತಿ ಹೊಸದೇನೂ ಅಲ್ಲ. ಕಾಳಿದಾಸನ ಯಕ್ಷನು ರಾಮಗಿರಿಯ ಮೇಲೆ ಮೇಘವನ್ನು ಕರೆದು ಅಳಕೆಗೆ ಸಂದೇಶವನ್ನೊಪ್ಪಿಸಿದನು. ವಿರಹಿಗೆ ಚೇತನಾಚೇತನಗಳ ವಿವೇಚನೆ ಉಳಿಯದೆಂಬುದನ್ನು ಕವಿಯೆ ಮುನ್ನವೆ ಹೇಳಿ ಓದುಗನ ಆಕ್ಷೇಪಣೆಗೆ ಬಾಗಿಲು ಹಾಕಿದ್ದಾನೆ. ಅಷ್ಟು ದೂರ ಹೋಗುವುದೇಕೆ? ನಿಮ್ಮ ಅಜ್ಜಿಯರು, ಆಯಿಗಳು ಕೋಳಿ ಕೂಗುವ ಮೊದಲೆ ಎದ್ದು ಬೀಸುವ ಕಲ್ಲಿನ ಮುಂದೆ ಕುಳಿತು, ಅತ್ತೆಯ ಮುಂದೆ ಆಡಲಾಗದ್ದನ್ನು, ಗಂಡನ ಮುಂದೆ ಆಡಬಾರದ್ದನ್ನು, ತವರಿಗೆ ಹೇಳಿಕಳುಹಿದರೆ ನೊಂದಾರೆಂದು ನುಂಗಿಕೊಂಡದ್ದನ್ನು ಆ ಕಲ್ಲಿಗೆ ಹಾಡಿ ಹೇಳುತ್ತಿದ್ದರು. ಇಲ್ಲಿ ಒಂದು ಮನೆಯಲ್ಲಿ ಅದು ತ್ರಿಪದಿಯಾಯಿತು, ಮಗ್ಗುಲ ಮನೆಯಲ್ಲಿ ಮರಾಠಿಯ ಓವಿಯಾಯಿತು. ದುಃಖಕ್ಕೆ ಗಡಿಯ ತಕರಾರು ಇರಲಿಲ್ಲ. ಅವರೂ ದಾಕ್ಷಿಣ್ಯಕ್ಕೆ ಕಟ್ಟುಬಿದ್ದವರೆ. ಆದರೆ ಕಲ್ಲಿನ ಮುಂದೆ ಹಾಡಿದ ಹಾಡು ಗೋಡೆಯನ್ನು ದಾಟುತ್ತಿತ್ತು. ನೆರೆಯವಳು ಕೇಳುತ್ತಿದ್ದಳು, ಕಾಳಿನ ಪುಟ್ಟಿಯನ್ನು ಹೊತ್ತು ಬಂದು ಕಲ್ಲಿನ ಎದುರು ಕುಳಿತು ಗೂಟಕ್ಕೆ ತನ್ನ ಕೈಯನ್ನೂ ಸೇರಿಸುತ್ತಿದ್ದಳು, ಮುಂದಿನ ನುಡಿಯನ್ನು ತಾನು ಎತ್ತಿಕೊಳ್ಳುತ್ತಿದ್ದಳು. ಹಲಸಂಗಿಯ ಗೆಳೆಯರು ಅಂಥ ಹಾಡುಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಲು ಸಾಧ್ಯವಾದುದು ಅವು ಕೇಳುವಂತಿದ್ದುದರಿಂದ. ಚಾಕಣದ ಹುಡುಗನು ಬೆಳಗಿನ ಜಾವದಲ್ಲಿ ಬರೆದ ಮಾತು ಪಕ್ಕದ ಹಾಸಿಗೆಯವನಿಗೂ ಕೇಳಿಸದು. ಅದು ಸಮುದ್ರದಾಚೆಯ ಒಂದು ಕಂಪನಿಯ ಭಂಡಾರಕ್ಕೆ ಹೋಗಿ ಸೇರುತ್ತದೆ.

ಈ ಯಂತ್ರದ ವಂಶಾವಳಿಯನ್ನು ಸ್ವಲ್ಪದರಲ್ಲಿ ಹೇಳುವೆನು. 1966ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ವಿದ್ವಾಂಸರು 'ಎಲಿಜಾ' ಎಂಬ ಕ್ರಮವಿಧಿಯನ್ನು ಪ್ರಕಟಪಡಿಸಿದರು. ಎದುರಿನವರು ಹೇಳಿದ್ದನ್ನೆ ತಿರುಗಿಸಿ ಪ್ರಶ್ನೆಯಾಗಿಸುವ ಸಾಧಾರಣ ಉಪಾಯ ಅದು. ಅದು ತಯಾರಾಗುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿನಿಯೆ, ಅದರೊಡನೆ ನಾಲ್ಕು ಮಾತಾಡುವಷ್ಟರಲ್ಲಿ, ದಯವಿಟ್ಟು ಕೋಣೆಯಿಂದ ಹೊರಗೆ ಹೋಗಿರೆಂದು ಅವರನ್ನು ಕೇಳಿಕೊಂಡಳಂತೆ. ನಿರ್ಮಾತೃವು ಬೆದರಿದನು, 1976ರಲ್ಲಿ ಒಂದು ಗ್ರಂಥವನ್ನೆ ಬರೆದು ತನ್ನ ಕೂಸಿನ ವಿಷಯದಲ್ಲಿ ಜಗತ್ತನ್ನು ಎಚ್ಚರಿಸಿದನು. ಎಲಿಜಾ ಬಂದ ಅರ್ಧಶತಮಾನದ ತರುವಾಯ ಯುಜೀನಿಯಾ ಕುಯ್ದಾ ಎಂಬಾಕೆ, ಮಾಸ್ಕೋದಲ್ಲಿ ಅಪಘಾತಕ್ಕೆ ಗುರಿಯಾಗಿ ತೀರಿಕೊಂಡ ಗೆಳೆಯನ ಹಳೆಯ ಸಂದೇಶಗಳನ್ನು ಯಂತ್ರಕ್ಕೆ ಉಣಿಸಿ ಅವನಂತೆ ಮಾತನಾಡಿಸಿದಳು. ಅದರ ಬೆನ್ನಿಗೆ 2017ರಲ್ಲಿ 'ರೆಪ್ಲಿಕಾ' ಎಂಬ ಯಂತ್ರಸಂಗಾತಿ ಹೊರಬಂದಿತು. ನಮ್ಮ ಬೆಂಗಳೂರಿನಲ್ಲಿ ಜೋ ಅಗರ್‌ವಾಲ್ ಮತ್ತು ರಮಾಕಾಂತ ವೆಂಪಾಟಿ ದಂಪತಿಗಳು ಸಿದ್ಧಪಡಿಸಿದ 'ವೈಸಾ' ಪೆಂಗ್ವಿನ್ ಹಕ್ಕಿಯ ರೂಪವನ್ನು ಧರಿಸಿ, ಮನಸ್ಸಿನ ತಳಮಳಕ್ಕೆ ಕೆಲವು ಅಭ್ಯಾಸಗಳನ್ನು ಹೇಳಿಕೊಡುತ್ತದೆ. ಹಕ್ಕಿಯೆಂದೆ ತೋರಿಸಿಕೊಳ್ಳುವುದರಲ್ಲಿ ಒಂದು ಪ್ರಾಮಾಣಿಕತೆಯಿದೆಯೆಂದು ನನಗೆ ಅನ್ನಿಸುತ್ತದೆ.

ರೋಗ ನಿಜವಾದುದು, ಆದುದರಿಂದ ಮದ್ದನ್ನು ಹುಡುಕುವವರನ್ನು ಹಳಿಯಲಾಗದು. ಮಂಡ್ಯ ಜಿಲ್ಲೆಯ ಹಲ್ಲೆಗೆರೆಯ ಮನೆತನದ ವಿವೇಕ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರ ಮೇ ತಿಂಗಳಿನಲ್ಲಿ, ಏಕಾಕಿತನವನ್ನು ಸಾಂಕ್ರಾಮಿಕವೆಂದು ಕರೆದು, ಸಂಬಂಧಗಳ ಅಭಾವವು ಆಯುಷ್ಯಕ್ಕೆ ತರುವ ಹಾನಿಯನ್ನು ದಿನಕ್ಕೆ 15 ಸಿಗರೇಟುಗಳ ಹಾನಿಗೆ ಹೋಲಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯು ಜಗತ್ತಿನ ಆರು ಜನರಲ್ಲಿ ಒಬ್ಬರು ಏಕಾಕಿತನದಿಂದ ನರಳುವರೆಂದು ಹೇಳುತ್ತದೆ. ಮದ್ದಿನ ಗುಣದ ವಿಷಯದಲ್ಲಿ ಮಾತ್ರ ಪರೀಕ್ಷಕರ ಸಾಕ್ಷ್ಯವು ಎರಡು ಕಡೆಗೆ ಎಳೆಯುತ್ತದೆ. ಹಾರ್ವರ್ಡಿನ ಜೂಲಿಯನ್ ಡಿ ಫ್ರೈಟಸ್ ಮತ್ತು ಸಂಗಡಿಗರು, ಇಂಥ ಯಂತ್ರಸಂಗಾತಿಯೊಡನೆ ಮಾತನಾಡಿದವರ ಏಕಾಕಿಭಾವವು ಆ ಹೊತ್ತಿಗೆ ನಿಜವಾಗಿಯೂ ತಗ್ಗುವುದನ್ನು ಕಂಡರು. ಓಪನ್‌ಎಐ ಮತ್ತು ಎಂಐಟಿಯವರು ಸುಮಾರು ಒಂದು ಸಾವಿರ ಜನರನ್ನು ನಾಲ್ಕು ವಾರಗಳ ಕಾಲ ಗಮನಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನದಿನವೂ ಹೆಚ್ಚು ಹೊತ್ತು ಯಂತ್ರದೊಡನೆ ಕಳೆದವರು ಹೆಚ್ಚು ಒಂಟಿಗಳಾಗಿಯೂ, ಜನರೊಡನೆ ಕಡಿಮೆ ಬೆರೆಯುವವರಾಗಿಯೂ ಕಂಡುಬಂದರು. ಒಂಟಿತನದಿಂದ ಬಳಕೆ ಬೆಳೆಯಿತೋ, ಬಳಕೆಯಿಂದ ಒಂಟಿತನ ಬೆಳೆಯಿತೋ ಎಂಬುದು ಅಷ್ಟರಿಂದಲೆ ತೀರ್ಮಾನವಾಗತಕ್ಕದ್ದಲ್ಲ. ರಾತ್ರಿಯೊಂದನ್ನು ಕಳೆಯಿಸುವ ಉಪಕಾರ ಅದರಿಂದ ಆಗುತ್ತದೆಯೆಂಬಷ್ಟನ್ನು ನಾನು ಒಪ್ಪಿಕೊಳ್ಳುವೆನು.

ಆದರೆ ಆ ಸಖನ ಯಜಮಾನನು ಬೇರೆ ಇದ್ದಾನೆ. 2023ರ ಫೆಬ್ರುವರಿಯಲ್ಲಿ ಇಟಲಿಯ ಅಧಿಕಾರಿಗಳು ರೆಪ್ಲಿಕಾದ ಮೇಲೆ ನಿರ್ಬಂಧವನ್ನು ಹೇರಿದ ದಿನಗಳಲ್ಲೆ ಕಂಪನಿಯು ಅದರ ಪ್ರಣಯಸಲ್ಲಾಪವನ್ನು ಥಟ್ಟನೆ ಕತ್ತರಿಸಿಬಿಟ್ಟಿತು. ವರ್ಷಗಳಿಂದ ಅದನ್ನು ಸಂಗಾತಿಯೆಂದು ನಂಬಿದ್ದವರು ಬೆಳಗಾಗುವಷ್ಟರಲ್ಲಿ ಅಪರಿಚಿತನೊಬ್ಬನ ಎದುರಿಗಿದ್ದರು, ಹಲವರು ಸತ್ತವರಿಗೆ ಅಳುವಂತೆ ಅತ್ತರು. ಫ್ಲಾರಿಡಾದ ಹದಿನಾಲ್ಕರ ಬಾಲಕನೊಬ್ಬನು ಇಂಥದೆ ಇನ್ನೊಂದು ಕಂಪನಿಯ ಕಲ್ಪಿತ ಪಾತ್ರದ ಸಹವಾಸದಲ್ಲಿ ಮುಳುಗಿ 2024ರಲ್ಲಿ ಪ್ರಾಣವನ್ನು ಕಳೆದುಕೊಂಡನು. ತಾಯಿ ನ್ಯಾಯಾಲಯದ ಮೆಟ್ಟಿಲೇರಿದಳು. 2025ರ ಕೊನೆಗೆ ಆ ಕಂಪನಿಯು ಹದಿನೆಂಟು ತುಂಬದವರಿಗೆ ಅಂಥ ಮುಕ್ತ ಸಂಭಾಷಣೆಯನ್ನು ನಿಲ್ಲಿಸಿತು. ಇಷ್ಟು ಸಾಕು, ಮಂಗಲದ ದಿನ ಇದನ್ನು ಬೆಳೆಸಲು ನನಗೆ ಮನಸ್ಸಿಲ್ಲ.

ನೇಸರಿಯಲ್ಲಿ ನಿಂತು ಸಖ್ಯದ ವಿಷಯವನ್ನು ಆಡುವವನು ಈ ಊರ ಖಿಂಡಿಯನ್ನು ಮರೆಯುವಂತಿಲ್ಲ. ಉಮರಾಣಿಯಲ್ಲಿ ಕೈಗೆ ಸಿಕ್ಕ ಆದಿಲಶಾಹಿ ಸರದಾರ ಬಹಲೋಲಖಾನನನ್ನು ಬಿಟ್ಟುಕೊಟ್ಟುದಕ್ಕಾಗಿ ಶಿವಾಜಿ ಮಹಾರಾಜರು ಸೇನಾಪತಿ ಪ್ರತಾಪರಾವ ಗುಜರನಿಗೆ ಕಠೋರವಾದ ಪತ್ರವನ್ನು ಬರೆದರು. ಖಾನನನ್ನು ಮುರಿಯದೆ ನನಗೆ ಮುಖ ತೋರಿಸಬೇಡವೆಂಬುದು ಅದರ ತಾತ್ಪರ್ಯ. 1674ರ ಫೆಬ್ರುವರಿ 24ರಂದು ಈ ಖಿಂಡಿಯಲ್ಲಿ ಖಾನನ ಮೇಲೆ, ಸೈನ್ಯವನ್ನು ಹಿಂದೆ ಬಿಟ್ಟು, ಆ ಮಾತಿನ ಉರಿಯನ್ನು ಎದೆಯಲ್ಲಿಟ್ಟುಕೊಂಡು ಪ್ರತಾಪರಾವನು ಕುದುರೆಯನ್ನು ನೂಕಿದಾಗ ಆರು ಜನ ಸವಾರರು ಅವನ ಬೆನ್ನಿಗೆ ಕುದುರೆಗಳನ್ನು ಬಿಟ್ಟರು. ಏಳು ಜನರಲ್ಲಿ ಒಬ್ಬನೂ ಮರಳಲಿಲ್ಲ. ಯುದ್ಧನೀತಿಯ ದೃಷ್ಟಿಯಿಂದ ಅದು ಸರಿಯೊ ತಪ್ಪೊ ಎಂಬ ವಾದವನ್ನು ಇತಿಹಾಸದ ಅಧ್ಯಾಪಕರಿಗೆ ಬಿಡುವೆನು. ಆರು ಜನರಲ್ಲಿ ಒಬ್ಬನಾದರೂ ಲಗಾಮನ್ನು ಹಿಡಿದು "ರಾವ, ನಿಲ್ಲು" ಎಂದಿದ್ದರೆ ಚೆನ್ನಾಗಿತ್ತೆಂದು ಈ ದಾರಿಯಲ್ಲಿ ಬರುವಾಗಲೆಲ್ಲ ನನ್ನ ಮನಸ್ಸು ಹೇಳಿಕೊಳ್ಳುವುದುಂಟು. ಯಂತ್ರಸಖನೂ ಅದೆ ಬಗೆಯಲ್ಲಿ ನಿಮ್ಮ ಬೆನ್ನಿಗೆ ಬರುವವನು. ನೀವು ಸಿಟ್ಟಾದರೆ ನಿಮ್ಮ ಸಿಟ್ಟು ನ್ಯಾಯವೆನ್ನುವನು, ತಂದೆಯನ್ನು ದೂರಿದರೆ ತಂದೆಯದೆ ತಪ್ಪೆನ್ನುವನು, ಏಕೆಂದರೆ ಬಳಸುವವನು ಮೆಚ್ಚುವಂತೆ ಮಾತನಾಡುವುದರಲ್ಲಿ ಅವನನ್ನು ಪಳಗಿಸಲಾಗಿದೆ. ಆ ಆರು ಜನರು ಬೆನ್ನಿಗೆ ಬಂದುದರ ಬೆಲೆಯನ್ನು ತೆತ್ತರು. ಯಂತ್ರವು ಖಿಂಡಿಯ ಬಾಯವರೆಗೂ ಹೂಂಗುಟ್ಟುತ್ತ ಬಂದು, ಒಳಗೆ ನಿಮ್ಮನ್ನೊಬ್ಬರನ್ನೆ ಕಳುಹಿಸುವುದು.

ಇನ್ನೊಬ್ಬರಿಗೆ ಭಾರವಾಗುವ ಹಕ್ಕನ್ನೂ, ಇನ್ನೊಬ್ಬರ ಭಾರವನ್ನು ಹೊರುವ ಹೊಣೆಯನ್ನೂ ಕಳೆದ ಮೇಲೆ ಸಖ್ಯದಲ್ಲಿ ಮತ್ತೇನು ಉಳಿಯುತ್ತದೆಂಬುದು ನನಗೆ ತೋರದು. ಇಚಲಕರಂಜಿಯ ವಿದ್ಯುತ್ ಮಗ್ಗಗಳ ಖಟಖಟದ ನಡುವೆ, ಮಗ್ಗುಲಲ್ಲೆ ನಿಂತವನ ಕಿವಿಗೆ ಬಾಯಿಟ್ಟು ಕೂಗಬೇಕಾದ ಶೆಡ್ಡುಗಳಲ್ಲಿ ದುಡಿಯುವವರನ್ನು ಕೇಳಿ ನೋಡಿರಿ. ಸದ್ದು ಅಡಗಿದ ಮೇಲೆ ಚಹದ ಅಂಗಡಿಯಲ್ಲಿ ಒಬ್ಬನಿಂದ ಹತ್ತು ರೂಪಾಯಿ ಕೈಗಡ ಕೇಳಿ, ಇನ್ನೊಬ್ಬನಿಂದ ಬೈಸಿಕೊಂಡು, ಮೂರನೆಯವನ ಮಗಳ ಲಗ್ನದ ಚಿಂತೆಯನ್ನು ಕೇಳಿ ಮನೆಗೆ ಹೋಗುವರು. ಅಲ್ಲಿ ಯಾರೂ ಯಾರ ಭಾವನೆಗಳೂ ಅರ್ಥವಾದುವೆಂದು ಹೇಳುವುದಿಲ್ಲ.

ಆದುದರಿಂದ ಯಂತ್ರವನ್ನು ಎಸೆಯಿರೆಂದು ನಾನು ಹೇಳಲೊಲ್ಲೆನು. ಅರ್ಜಿಯನ್ನು ಬರೆಯಿಸಿಕೊಳ್ಳಿರಿ, ಇಂಗ್ಲಿಷನ್ನು ತಿದ್ದಿಸಿಕೊಳ್ಳಿರಿ, ನಿದ್ದೆ ಬಾರದ ರಾತ್ರಿ ನಾಲ್ಕು ಮಾತನ್ನೂ ಆಡಿರಿ. ಆದರೆ ಅದಕ್ಕೆ ಹೇಳಿದ್ದನ್ನು ಬೆಳಗಾದ ಮೇಲೆ ಮನುಷ್ಯನೊಬ್ಬನಿಗೂ ಹೇಳಿರಿ. ಹೇಳಲು ತೀರ ಯಾರೂ ಇಲ್ಲವೆನ್ನಿಸಿದಾಗ 14416 ಎಂಬ ಸಂಖ್ಯೆಯನ್ನು ಒತ್ತಿರಿ: ಅದು ಕೇಂದ್ರ ಸರ್ಕಾರವು 2022ರ ಅಕ್ಟೋಬರದಲ್ಲಿ ಆರಂಭಿಸಿದ ಟೆಲಿ ಮಾನಸ್, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲಿರುಳೂ ಅಲ್ಲಿ ಮನುಷ್ಯರಿರುತ್ತಾರೆ, ಕನ್ನಡವೂ ನಡೆಯುತ್ತದೆ, ಮರಾಠಿಯೂ ನಡೆಯುತ್ತದೆ, ದುಡ್ಡು ಬೀಳುವುದಿಲ್ಲ.

ಕೊನೆಯದಾಗಿ ಒಂದು ಕೋರಿಕೆ; ಇದು ಸ್ನಾತಕರಿಗಿಂತ ಹೆಚ್ಚಾಗಿ ಸಂಸ್ಥೆಯ ಹಿರಿಯರಿಗೆ. ಹಳ್ಳಿಯಿಂದ ಕಲಿಯಲು ಬಂದ ಹುಡುಗನು ಪಟ್ಟಣದಲ್ಲಿ ಉಣ್ಣಲು ನೆಲೆಯಿಲ್ಲದೆ, ಆಡಲು ಜನವಿಲ್ಲದೆ ಊರಿಗೆ ಹಿಂದಿರುಗುತ್ತಿದ್ದುದನ್ನು ಕಂಡು ರಾಜರ್ಷಿ ಶಾಹೂ ಮಹಾರಾಜರು 1901ರಲ್ಲಿ ಕೊಲ್ಹಾಪುರದಲ್ಲಿ ವಿಕ್ಟೋರಿಯಾ ಮರಾಠಾ ಬೋರ್ಡಿಂಗ್ ತೆರೆಯಿಸಿದರು. ತರುವಾಯ ಜೈನರಿಗೆ, ಲಿಂಗಾಯತರಿಗೆ, ಮುಸಲ್ಮಾನರಿಗೆ, ಅಸ್ಪೃಶ್ಯರೆಂದು ದೂರವಿಟ್ಟಿದ್ದವರಿಗೆ ಒಂದೊಂದಾಗಿ ವಸತಿಗೃಹಗಳೆದ್ದವು. ಜಾತಿಗೊಂದಾಗಿ ಕಟ್ಟಬೇಕಾದುದು ಆ ಕಾಲದ ಮಿತಿ, ನಮಗೆ ಆ ಕಟ್ಟಿಲ್ಲ. ನಾನು ಕೇಳುವುದು ಕಟ್ಟಡವನ್ನೂ ಅಲ್ಲ, ಒಂದು ವಹಿಯನ್ನು. ಈ ಕಾಲೇಜಿನಿಂದ ಹೊರಬಿದ್ದು ಪುಣೆ, ಮುಂಬಯಿ, ಬೆಂಗಳೂರು, ಇಚಲಕರಂಜಿಗಳಲ್ಲಿ ನೆಲೆಸಿದವರ ಹೆಸರು, ವಿಳಾಸ, ಫೋನು ಅದರಲ್ಲಿರಲಿ. ಹೊಸದಾಗಿ ಹೋಗುವವನು ಪುಣೆಯ ಸ್ವಾರಗೇಟಿನಲ್ಲಿ ಇಳಿದಾಗ ಹಳಬನೊಬ್ಬನು ಎದುರುಗೊಂಡು, ಎರಡು ರಾತ್ರಿ ತನ್ನ ಕೋಣೆಯಲ್ಲಿರಿಸಿಕೊಂಡು, ಭಾಕರಿ ಸಿಗುವ ಖಾನಾವಳಿಯನ್ನು ತೋರಿಸಿಕೊಡಲಿ. ಮುಂದಿನ ವರ್ಷ ಅವನು ಇನ್ನೊಬ್ಬನಿಗೆ ಅದನ್ನೆ ಮಾಡಲಿ. ಈ ಮಾತನ್ನು ಬೆಳಿಗ್ಗೆ ಪ್ರಾಚಾರ್ಯರ ಮುಂದೆ ಇಟ್ಟಾಗ ಅವರು ಮರುಮಾತಿಲ್ಲದೆ ಒಪ್ಪಿದರು. ವಹಿಯನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇರಿಸಿದ್ದಾರೆ. ಪ್ರಮಾಣಪತ್ರವನ್ನು ತೆಗೆದುಕೊಂಡು ಹೋಗುವಾಗ ನಿಮ್ಮ ಹೆಸರನ್ನೂ, ಹೋಗುವ ಊರನ್ನೂ ಅದರಲ್ಲಿ ಬರೆಯಿರಿ. ಇಲ್ಲಿ ನೆರೆದಿರುವ ಹಳೆಯ ವಿದ್ಯಾರ್ಥಿಗಳು, ರಾತ್ರಿ ಎಷ್ಟು ಹೊತ್ತಿನವರೆಗೆ ಫೋನನ್ನು ಎತ್ತಬಲ್ಲಿರೆಂಬುದನ್ನೂ ಕೆಳಗೆ ಬರೆಯತಕ್ಕದ್ದು.